ಕಂಪನಿ ವ್ಯಾನಿಗೆ ಇಳಿಯುವ ಹಗ್ಗ

ಕಾಗದನಗರ, ಭದ್ರಾವತಿ
ಮೇ ೨೦೨೧

ರವೀಂದ್ರನಗರದ ನಿವಾಸಿಗಳ ಸಂಘದ ಅಧ್ಯಕ್ಷರಾದ ಮಧುಸೂದನರಾಯರಿಗೆ ನಮಸ್ಕಾರ.

ಕಾರ್ಖಾನೆ ಮುಚ್ಚಿ ನನ್ನ ಕೆಲಸ ಹೋದಾಗ, "ಸರ್ಕಾರಾನೇ ನೆಚ್ಕೊಂಡು ಕೂರಬೇಡ ಮಾರಾಯ, ಮಾರ್ಕೆಟ್ಟಿಗಿಳಿದು ಪೈಪೋಟಿ ಮಾಡು" ಅಂದವರು ನೀವೇ. ಇಳಿದೆ. ಲಗೇಜ್ ಆಟೋದಲ್ಲಿ ತರಕಾರಿ ತಂದು ನಿಮ್ಮ ಬೀದಿಯಲ್ಲೇ ಮಾರಿದೆ. ಈಗ ಲಾಕ್‌ಡೌನ್ ಅಂತ ಬೀದಿಗೆ ಹಗ್ಗ ಕಟ್ಟಿಸಿದ್ದೀರಿ. ತರಕಾರಿ ಮಾರುವ ಕಂಪನಿಯ ವ್ಯಾನು ಬಂದರೆ ಹಗ್ಗ ಇಳಿಯುತ್ತದೆ, ನನ್ನ ಆಟೋಗೆ ಇಳಿಯುವುದಿಲ್ಲ. ರೋಗ ನನಗೊಬ್ಬನಿಗೇ ಅಂಟಿದೆಯೇ? ನನ್ನ ಹತ್ತಿರವೂ ಪಾಸಿದೆ. ಸೊಪ್ಪು ಬಾಡಿದರೆ ನಮ್ಮ ಮನೆಯ ಒಲೆ ಆರುತ್ತದೆ.

ನಿನ್ನೆ ನಿಮ್ಮ ಮನೆಯವರೇ ಹಗ್ಗದಾಚೆ ನಿಂತು, "ವ್ಯಾನಿನವನು ಕೊಸರಿಗೆ ಒಂದೆಸಳು ಕರಿಬೇವೂ ಹಾಕಲ್ಲ ಜಂಬಣ್ಣ" ಅಂದರು.

ನಾಳೆ ಬೆಳಿಗ್ಗೆ ಬರುತ್ತೇನೆ, ಹಗ್ಗ ಬಿಚ್ಚಿಸಿಡಿ. ವ್ಯಾನಿನ ಪಕ್ಕಕ್ಕೇ ಆಟೋ ನಿಲ್ಲಿಸುತ್ತೇನೆ. ಜನ ಯಾರ ಹತ್ತಿರ ಬರುತ್ತಾರೋ, ನಿಮ್ಮ ಮನೆಯ ಗೇಟಿನಲ್ಲಿ ನಿಂತು ನೀವೇ ನೋಡಿ.

ಇಂತಿ,
ತರಕಾರಿ ಜಂಬಣ್ಣ