ಬಣ್ಣ ಅಂಟದ ಒರೆಬಟ್ಟೆ

ಗದಗ,
ಫೆಬ್ರವರಿ ೩೦, ೨೧೮೭

ಸಿನಿಮಾದಲ್ಲಿ ಬಣ್ಣ ಹಚ್ಚುವ, ಕೂದಲು ಕಟ್ಟುವ ನಮ್ಮ ಹಿರಿಯರಿಗೆ,

ಮೇಲಿನ ತಾರೀಖು ಕೈತಪ್ಪಿ ಬಿದ್ದದ್ದಲ್ಲ. ಜುಲೈ ಮತ್ತು ಆಗಸ್ಟ್ ಬೆನ್ನುಬೆನ್ನಿಗೆ ಮೂವತ್ತೊಂದು ದಿನ ಇಟ್ಟುಕೊಂಡು ಮೆರೆಯುತ್ತಿರುವಾಗ ಫೆಬ್ರವರಿಯೊಂದೇ ಇಪ್ಪತ್ತೆಂಟರಲ್ಲಿ ಸಂಸಾರ ತೂಗಿಸಬೇಕೇ ಎಂದು ನಮ್ಮ ಕಾಲದವರು ಕರಗಿ, ಅವೆರಡರಿಂದಲೂ ಒಂದೊಂದು ದಿನ ಕಿತ್ತು ಅದಕ್ಕೆ ಕೊಟ್ಟಿದ್ದಾರೆ. ಮಾತಿನಲ್ಲೂ ಇಂಥ ವರ್ಗಾವಣೆಗಳು ಬೇಕಾದಷ್ಟಾಗಿವೆ. ಆದ್ದರಿಂದ ಈ ಪತ್ರದಲ್ಲಿ ಅಪರಿಚಿತ ಪದ ಎದುರಾದರೆ ದಯಮಾಡಿ ಕ್ಷಮಿಸಿ. ಮದುವೆಮನೆಗೆ ಗುರುತಿಲ್ಲದ ನೆಂಟರು ಬಂದಾಗ ಏನು ಮಾಡುತ್ತೀರೋ ಅದನ್ನೇ ಮಾಡಿ, ನಕ್ಕು ಪಂಕ್ತಿಯಲ್ಲಿ ಕೂರಿಸಿ. ಯಾರ ಕಡೆಯವರೆಂಬುದು ಊಟ ಮುಗಿಯುವ ಹೊತ್ತಿಗೆ ತಾನೇ ತಿಳಿಯುತ್ತದೆ.

ನಾನು ಕೈಮುಖ ಪ್ರಶಸ್ತಿಯ ಐದನೆಯ ತೀರ್ಪುಗಾರ. ಸಿನಿಮಾದ ಬಣ್ಣಕ್ಕೂ ಕೇಶಾಲಂಕಾರಕ್ಕೂ ನಮ್ಮಲ್ಲಿ ಕೊಡುವ ಅತಿ ದೊಡ್ಡ ಗೌರವ ಅದು. ಐವರಲ್ಲಿ ಒಬ್ಬ ಕಡ್ಡಾಯವಾಗಿ ಬೋಳುತಲೆಯವನಿರಬೇಕೆಂದು ನಿಯಮವಿದೆ. ಕೂದಲಿನ ವಿಷಯದಲ್ಲಿ ಸ್ವಂತ ಹಿತಾಸಕ್ತಿ ಇಲ್ಲದವನೊಬ್ಬ ಬೇಕಲ್ಲ! ಆ ಸ್ಥಾನಕ್ಕೆ ನಾನು ಅವಿರೋಧವಾಗಿ ಆಯ್ಕೆಯಾದೆ. ಜೀವನದಲ್ಲಿ ನಾನು ಗೆದ್ದ ಚುನಾವಣೆ ಅದೊಂದೇ.

ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ನೆರಳಚ್ಚು ಎಂಬುದೊಂದು ಬಂದಿತ್ತು. ನಟ ಬರಿಮುಖದಲ್ಲಿ ನಿಂತರೆ ಸಾಕು, ಯಂತ್ರವೇ ಅವನ ಮೇಲೆ ಬೇಕಾದ ಮುಖವನ್ನು ಬೆಳಕಿನಿಂದ ಒತ್ತಿ ಕೊಡುತ್ತಿತ್ತು. ರಾಜನೋ ರೋಗಿಯೋ ಕ್ಷಣದಲ್ಲಿ ತಯಾರು. ನಿಮ್ಮ ಕುಂಚಗಳು ಅಟ್ಟ ಸೇರಿದವು. ಐವತ್ತು ವರ್ಷ ಎಲ್ಲರೂ ಭೇಷ್ ಎಂದರು. ಆಮೇಲೆ ಒಂದು ಬೇಸರ ಶುರುವಾಯಿತು. ಎಲ್ಲ ಮುದುಕರಿಗೂ ಒಂದೇ ಅಳತೆಯ ಸುಕ್ಕು, ಎಲ್ಲ ವಿಧವೆಯರಿಗೂ ಒಂದೇ ಕಡೆ ಕೆದರಿದ ಕೂದಲು. ಎಷ್ಟು ಅತ್ತರೂ ಕಾಡಿಗೆ ಕದಡುತ್ತಿರಲಿಲ್ಲ. ರಾಣೆಬೆನ್ನೂರಿನ ಪ್ರೇಕ್ಷಕರು ಒಂದು ಭಾನುವಾರ ನಾಯಕಿ ಸಾಯುತ್ತಿದ್ದಂತೆಯೇ ಎದ್ದು, "ಈಕಿ ಹೋದ ವಾರಾನೂ ಹಿಂಗ ಸತ್ತಿದ್ಲು, ನಡೀರಿ" ಎಂದು ಹೊರಟುಹೋದರಂತೆ. ಅಲ್ಲಿಂದ ಕೈಮುಖ, ಅಂದರೆ ಮನುಷ್ಯರ ಕೈ ಬರೆದ ಮುಖ, ಮರಳಿ ಬಂತು. ಅಟ್ಟದಿಂದ ನಿಮ್ಮ ಕುಂಚಗಳನ್ನು ಇಳಿಸಿ, ಧೂಳು ಕೊಡವಿ, ನಮಸ್ಕರಿಸಿ ಶುರುಮಾಡಿದೆವು.

ಆದರೆ ಮುಖ ಕೈಯದೋ ನೆರಳಚ್ಚಿನದೋ ಎಂದು ತಿಳಿಯುವುದು ಹೇಗೆ? ಅದಕ್ಕೆ ಒರೆಸುವ ಶಾಸ್ತ್ರ ಮಾಡುತ್ತೇವೆ. ಐವರು ತೀರ್ಪುಗಾರರ ಎದುರು ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ, ಬಿಳಿ ಹತ್ತಿ ಬಟ್ಟೆಯಿಂದ ಒರೆಸಬೇಕು. ಬೆಳಕು ಬಟ್ಟೆಗೆ ಅಂಟುವುದಿಲ್ಲ, ಬಣ್ಣ ಅಂಟುತ್ತದೆ. ಹಾಗೆ ಬಣ್ಣ ಬಳಿದುಕೊಂಡ ಆ ಒರೆಬಟ್ಟೆಗೆ ಚೌಕಟ್ಟು ಹಾಕಿ ಕೊಡುತ್ತೇವೆ. ಅದೇ ಪ್ರಶಸ್ತಿ. ನಿಮ್ಮ ಕಾಲದಲ್ಲಿ ಬಂಗಾರದ ಬಣ್ಣದ ಬೊಂಬೆಗಳನ್ನು ಕೊಡುತ್ತಿದ್ದರೆಂದು ಓದಿದ್ದೇನೆ. ನಮ್ಮಲ್ಲಿ ಕೊಳೆಯಾದ ಅರಿವೆಗೆ ಜನ ಕಣ್ಣೀರು ಹಾಕುತ್ತಾರೆ.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಬಾಗಿಲುಗಳು ಮುಖ ನೋಡಿ ತೆರೆದುಕೊಳ್ಳುತ್ತವೆ. ಒಮ್ಮೆ ನೋಡಿದ ಮುಖವನ್ನು ಮರೆಯುವುದಿಲ್ಲ, ಪರಿಚಯವಿಲ್ಲದ ಮುಖಕ್ಕೆ ಕದಲುವುದಿಲ್ಲ. ಬಣ್ಣ ತೆಗೆಯದೆ ಮನೆಗೆ ಹೋದ ನಟರು ಹೊಸ್ತಿಲಲ್ಲಿ ನಿಂತು ಹೆಂಡತಿಯನ್ನು ಕೂಗುವುದು, ಹೆಂಡತಿ ಕಿಟಕಿಯಿಂದ ನೋಡಿ ಗುರುತೇ ಇಲ್ಲವೆಂದು ಪರದೆ ಎಳೆಯುವುದು, ಇವೆಲ್ಲ ನಮ್ಮ ಓಣಿಗಳಲ್ಲಿ ದಿನನಿತ್ಯದ ಮನರಂಜನೆ.

ಇನ್ನು ಹೊಳೆಬಸವ್ವ ಚಿತ್ರಗಾರರ ವಿಷಯ. ಗದಗದ ಹಳೆಯ ನಾಟಕ ಕಂಪನಿಗಳ ಓಣಿಯಲ್ಲಿ ಅವರದೊಂದು ಬಣ್ಣದ ಮನೆಯಿದೆ. ಅಲ್ಲಿ ಒಂಬತ್ತು ಜನ ಕೆಲಸ ಕಲಿಯುತ್ತಾರೆ. ಹನ್ನೆರಡು ವರ್ಷ ಒಂದೂ ಒರೆಬಟ್ಟೆ ಕಾಣದ ಬಣ್ಣದ ಮನೆಯನ್ನು ಮುಚ್ಚಬೇಕೆಂಬುದು ನಮ್ಮ ಮಂಡಳಿಯ ಕಟ್ಟಳೆ. ಹೊಳೆಬಸವ್ವ ಹನ್ನೊಂದು ವರ್ಷ ಅರ್ಜಿ ಕೊಟ್ಟರು, ಹನ್ನೊಂದು ವರ್ಷವೂ ಸೋತರು. ಇದು ಹನ್ನೆರಡನೆಯದು. ಕೆರೆ ಕಾಯುವ ಅಜ್ಜಿಯೊಬ್ಬಳ ಸಿನಿಮಾಕ್ಕೆ ಈ ಸಲ ಅವರು ಬಣ್ಣ ಮಾಡಿದ್ದರು. ಅಜ್ಜಿಯ ಪಾತ್ರ ಮಾಡಿದವಳು ಇಪ್ಪತ್ತಾರರ ಕಸ್ತೂರೆವ್ವ ಹಡಗಲಿ ಎಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು.

ನಾವು ಐವರೂ ಸಿನಿಮಾ ನೋಡಿದೆವು. ನಮ್ಮ ಅಧ್ಯಕ್ಷರು ಮುಳಗುಂದಮಠ ಸರ್. ಅರ್ಧ ಮೈಲಿ ದೂರದಿಂದ ಅಂಟಿಸಿದ ಮೀಸೆಯನ್ನು ಗುರುತಿಸಬಲ್ಲವರೆಂದು ಅವರಿಗೆ ಖ್ಯಾತಿಯಿದೆ. ಸಿನಿಮಾ ಮುಗಿದಾಗ ಅವರು ಮೇಜು ಗುದ್ದಿದರು. "ಇದರಾಗ ಮೇಕಪ್ ಎಲ್ಲೈತ್ರೀ? ಖರೇ ಮುದುಕಿನ್ನ ತಂದು ಕ್ಯಾಮೆರಾ ಮುಂದ ಕುಂದ್ರಿಸ್ಯಾರ. ಇದಕ್ಕ ಪ್ರಶಸ್ತಿ ಕೊಡೂದಾದ್ರ ನಮ್ಮವ್ವಗೂ ಒಂದು ಕೊಡ್ರಿ." ಅಜ್ಜಿಯ ತುರುಬು ಸಹಜವಾಗಿ ಬೆಳೆದದ್ದೆಂದು ನಾನು ಬೋಳುತಲೆಯ ಪೂರ್ಣ ಅಧಿಕಾರದಿಂದ ಷರಾ ಬರೆದೆ. 'ಕೆಲಸ ಕಾಣುವುದಿಲ್ಲ, ಅನರ್ಹ' ಎಂದು ಐವರೂ ರುಜು ಹಾಕಿದೆವು. ನಿಜ ಹೇಳಬೇಕೆಂದರೆ ಹಿಂದಿನ ಹನ್ನೊಂದು ಸಲವೂ ನಾವು ಅದನ್ನೇ ಬರೆದಿದ್ದೆವು. ಬಣ್ಣ ಹುಡುಕಿ ಹುಡುಕಿ ಪಳಗಿದ ಕಣ್ಣುಗಳ ಹಣೆಬರಹವೇ ಅದು. ಸಿಕ್ಕಿಬಿದ್ದ ಬಣ್ಣಕ್ಕೆ ಬಹುಮಾನ ಕೊಡುತ್ತಿದ್ದೆವು, ಸಿಕ್ಕದೆ ಹೋದದ್ದಕ್ಕೆ ಶಿಕ್ಷೆ.

ಅನರ್ಹರಾದವರು ಖುದ್ದಾಗಿ ಬಂದು ತಕರಾರು ಹೇಳಬಹುದು. ಹನ್ನೊಂದು ವರ್ಷ ಸುಮ್ಮನಿದ್ದ ಹೊಳೆಬಸವ್ವ ಈ ಸಲ ತಕರಾರು ಹಾಕಿದ್ದರು. ಹೋದ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹೊಳೆಬಸವ್ವನನ್ನೂ ಕಸ್ತೂರೆವ್ವನನ್ನೂ ಕರೆಸಿದೆವು. ಮೊದಲು ಒಳಗೆ ಬಂದದ್ದು ಸಿನಿಮಾದ ಅಜ್ಜಿ. ಅದೇ ಇಳಿಬಿದ್ದ ಕೆನ್ನೆ, ಅದೇ ತೆಳ್ಳನೆಯ ತುರುಬು. ಬಾಗಿಲು ಅವರನ್ನು ಕಂಡದ್ದೇ ಅಗಲವಾಗಿ ತೆರೆದುಕೊಂಡಿತು. ಹಿಂದೆ ಬಂದ ಇನ್ನೊಬ್ಬ ವೃದ್ಧೆಗೆ ಮಾತ್ರ ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಜವಾನ ಅಡಿವೆಪ್ಪ, "ಇದರ ಸೊಕ್ಕು ನೋಡ್ರಿ, ಮತ್ತ ಕೆಟ್ಟೈತಿ" ಎಂದು ಬೈದು, ಕೀಲಿ ಹಾಕಿ ಕೈಯಿಂದ ತೆರೆದ. ಈಕೆಯ ಮೂಗಿನ ಮೇಲೆ ಕನ್ನಡಕ ಒತ್ತಿದ ಎರಡು ಗುರುತುಗಳಿದ್ದವು, ಭಾರದ ವಾಲೆಗೆ ಜೋತ ಕಿವಿಗಳಿದ್ದವು, ಬೈತಲೆಯ ಅಂಚಿನಲ್ಲಿ ಒಂದಿಷ್ಟು ಹೊಟ್ಟು. ಪಾಪ ಹೊಳೆಬಸವ್ವ, ಜನ್ಮವಿಡೀ ಇನ್ನೊಬ್ಬರ ಕೂದಲು ನೋಡಿಕೊಂಡವರಿಗೆ ತಮ್ಮ ತಲೆಗೆ ಎಣ್ಣೆ ಇಡಲು ಪುರುಸೊತ್ತಿಲ್ಲ ಎಂದು ನಾನು ಮನಸ್ಸಿನಲ್ಲೇ ಮರುಗಿದೆ.

ಮುಳಗುಂದಮಠರು ಕನ್ನಡಕದ ಗುರುತಿನವರನ್ನೇ ನೋಡಿ ಕೇಳಿದರು. "ಏನವಾ, ಈಕಿ ಮಾರಿ ಮ್ಯಾಲೆ ನಿನ್ನ ಕೆಲಸ ಐತಿ ಅಂತೀಯೇನು?"

"ಒರಸಿ ನೋಡ್ರಿ ಸಾಹೇಬ್ರ. ಬ್ಯಾಡ ಅಂದವರು ಯಾರು?"

ಅಧ್ಯಕ್ಷರು ಅಂಗಿಯ ತೋಳು ಮಡಿಚಿದರು. ಅಜ್ಜಿಯ ಕೆನ್ನೆಗೆ ಧಾರಾಳವಾಗಿ ಎಣ್ಣೆ ಬಳಿದು, ಹಬ್ಬದ ಮುನ್ನಾದಿನದ ಉತ್ಸಾಹದಲ್ಲಿ ತಿಕ್ಕತೊಡಗಿದರು.

"ಸಾವಕಾಶ ಯಪ್ಪಾ, ಅದು ಗಲ್ಲ ಐತಿ, ಬೋಗೋಣಿ ಅಲ್ಲ" ಎಂದರು ಅಜ್ಜಿ.

ಬಟ್ಟೆಯನ್ನು ಬೆಳಕಿಗೆ ಹಿಡಿದೆವು. ಎಣ್ಣೆಯ ಹೊರತು ಏನೂ ಇಲ್ಲ, ಹಾಲಿನಂತೆ ಬಿಳಿ. ಅಧ್ಯಕ್ಷರು ಗೆದ್ದ ಪೈಲ್ವಾನನ ಹಾಗೆ ನಮ್ಮೆಲ್ಲರನ್ನೂ ನೋಡಿದರು. ಬಣ್ಣದ ಮನೆ ಮುಚ್ಚುವ ಆದೇಶವನ್ನು ಮುಂದೆ ಎಳೆದುಕೊಂಡು ಲೇಖನಿಯ ಟೊಪ್ಪಿಗೆ ತೆಗೆದರು. "ಬಿಳೇ ಅರಿವಿ! ಇನ್ನೇನು ಹೇಳ್ತಿ? ಖರೇ ಮುದುಕಿ ಅಂತ ನಾ ಅವತ್ತೇ ಹೇಳಿದ್ದೆ."

"ಖರೇನ ಹೇಳಿದ್ರಿ" ಎಂದರು ಅಜ್ಜಿ, ಸೆರಗಿನಿಂದ ಗಲ್ಲ ಒತ್ತಿಕೊಳ್ಳುತ್ತ. "ಎಪ್ಪತ್ತೊಂದು ವರ್ಷದ ಸುಕ್ಕು ಅವು. ಎಣ್ಣಿಗೆ ಹೋಗತಿದ್ರ ನಾನ ಯಾವಾಗೋ ಒರಸಿಕೋತಿದ್ದೆ. ನಾ ಹೊಳೆಬಸವ್ವ ರೀ."

ಲೇಖನಿ ನಿಂತಿತು. ಅಷ್ಟರಲ್ಲಿ ಇನ್ನೊಬ್ಬ ವೃದ್ಧೆ ಹಣೆಯ ಅಂಚಿಗೆ ಉಗುರು ತೂರಿಸಿ, ನರೆತ ತಲೆಯನ್ನು ತುರುಬು, ಬೈತಲೆ, ಹೊಟ್ಟಿನ ಸಮೇತ ಎತ್ತಿ ನನ್ನ ಮುಂದೆ ಮೇಜಿನ ಮೇಲಿಟ್ಟರು. ಆಮೇಲೆ ಇನ್ನೊಂದು ಬಟ್ಟೆ ತೆಗೆದುಕೊಂಡು ಎಣ್ಣೆಯಲ್ಲಿ ಅದ್ದಿ ಒರೆಸಿಕೊಂಡರು. ಕನ್ನಡಕದ ಗುರುತು ಬಟ್ಟೆಗೆ ಬಂತು, ಕಣ್ಣಿನ ಕೆಳಗಿನ ಚೀಲ ಬಂತು, ಜೋತ ಕಿವಿಯ ಮೇಣ ಬಂತು. ಮುಖ ಹೊರಬಿದ್ದಾಗ ಅಲ್ಲಿ ಇಪ್ಪತ್ತಾರರ ಕಸ್ತೂರೆವ್ವ ಹಡಗಲಿ ನಗುತ್ತ ಕುಳಿತಿದ್ದಳು. ನಾನು ಮೇಜಿನ ಮೇಲಿನ ಹೊಟ್ಟನ್ನು ಬೆರಳಿಗೆ ಹಚ್ಚಿ ನೋಡಿದೆ. ಅಕ್ಕಿಹಿಟ್ಟು! ಹಿರಿಯರೇ, ಇನ್ನೊಬ್ಬರ ತಲೆಯಲ್ಲಿ ಹೊಟ್ಟು ಬಿತ್ತುವಷ್ಟು ಪ್ರೀತಿ ಇರುವ ಕಲೆ ಜಗತ್ತಿನಲ್ಲಿ ಇನ್ನೊಂದಿದ್ದರೆ ನನಗೆ ತಿಳಿಸಿ.

ಸಂಗತಿ ಇಷ್ಟೇ. ಸಿನಿಮಾದ ಅಜ್ಜಿಗೆ ಮುಖ ಹುಡುಕಲು ಹೊಳೆಬಸವ್ವ ದೂರ ಹೋಗಿರಲಿಲ್ಲ. ಕನ್ನಡಿಯಲ್ಲಿ ತಮ್ಮದನ್ನೇ ನೋಡಿ ಕಸ್ತೂರೆವ್ವನ ಮೇಲೆ ಬರೆದಿದ್ದರು. ಆ ಸೋಮವಾರ ಮಾತ್ರ ಕಸ್ತೂರೆವ್ವನಿಗೆ ಹೊಸದೊಂದು ಮುದಿಮುಖ ಬರೆದು, ತಾವು ಬರಿಮುಖದಲ್ಲಿ ಬಂದಿದ್ದರು.

"ಇದು ಮೋಸ!" ಎಂದು ಅಧ್ಯಕ್ಷರು ಗುಡುಗಿದರು.

"ಮೋಸ ಯಾಕ್ರೀ?" ಎಂದಳು ಕಸ್ತೂರೆವ್ವ. "ಒಳಗ ಬಂದಾಗ ಯಾರ ಹೆಸರೇನು ಅಂತ ಕೇಳಿದ್ರೇನು? ಕೇಳಿದ್ರ ಹೇಳತಿದ್ವಿ. ನಮ್ಮ ಹೊಳೆಬಸವ್ವ ಹನ್ನೆರಡು ವರ್ಷ ತಾನ ಬಂದು ಅರ್ಜಿ ಕೊಟ್ಟು ಹೋಗ್ಯಾಳ. ನಿಮ್ಮಾಗ ಒಬ್ಬರರ ಆಕಿ ಮಾರಿ ನೋಡೀರೇನು?"

ನಾನು ಅರ್ಜಿಯನ್ನು ತಿರುವಿ ನೋಡಿದೆ. ನಮ್ಮ ಅರ್ಜಿ ನಮೂನೆಯಲ್ಲಿ ನಟರ ಫೋಟೋಗೆ ಎಂಟು ಚೌಕಗಳಿವೆ, ಬಣ್ಣ ಮಾಡಿದವರ ಫೋಟೋಗೆ ಒಂದೂ ಇಲ್ಲ. ಅಷ್ಟರಲ್ಲಿ ಅಡಿವೆಪ್ಪ ಕೆಮ್ಮಿ, "ಬಾಗಲಾ ಕೆಟ್ಟಿರಲಿಲ್ಲ ಬಿಡ್ರಿ" ಎಂದ. ಹೌದು, ಕೆಟ್ಟಿರಲಿಲ್ಲ. ಪ್ರತಿವರ್ಷ ಅರ್ಜಿ ಹಿಡಿದು ಬಂದ ಹೊಳೆಬಸವ್ವನನ್ನು ಅದು ನೆನಪಿಟ್ಟುಕೊಂಡಿತ್ತು. ಪ್ರತಿವರ್ಷ ಅವರ ಹೆಸರು ಓದಿದ ನಾವು ಐವರು ನೆನಪಿಟ್ಟಿರಲಿಲ್ಲ.

ಮುಳಗುಂದಮಠರು ದೊಡ್ಡ ಮನುಷ್ಯರು. ಆದೇಶವನ್ನು ಅಡ್ಡಡ್ಡ ಹರಿದರು, ಎದ್ದು ಹೋಗಿ ಹೊಳೆಬಸವ್ವನ ಕೆಂಪೇರಿದ ಗಲ್ಲಕ್ಕೆ ಕೈ ಮುಗಿದರು. "ತಪ್ಪಾತವಾ. ಭಾಳ ತಿಕ್ಕಿದೆ." ಕಸ್ತೂರೆವ್ವನ ಮುದಿಮುಖ ಹೊತ್ತ ಒರೆಬಟ್ಟೆಗೆ ಚೌಕಟ್ಟು ಹಾಕಿಸಲು ಅಡಿವೆಪ್ಪನನ್ನು ಕರೆದರು. ಆಗ ಹೊಳೆಬಸವ್ವ ಮೇಜಿನ ಮೂಲೆಯಲ್ಲಿ ಮುದುಡಿ ಬಿದ್ದಿದ್ದ ಬಿಳಿ ಬಟ್ಟೆಯನ್ನು ಎತ್ತಿಕೊಂಡು, ಎಣ್ಣೆಯ ನೆರಿಗೆಗಳನ್ನು ಅಂಗೈಯಿಂದ ನೀವಿ ಸರಿಮಾಡಿದರು. "ಇದಕ್ಕೂ ಒಂದು ಕಟ್ಟು ಹಾಕಸ್ರಿ. ಅದು ನನ್ನ ಕೆಲಸ, ಇದು ನನ್ನ ಮಾರಿ."

ಈಗ ಅವರ ಬಣ್ಣದ ಮನೆಯ ಗೋಡೆಯ ಮೇಲೆ ಎರಡೂ ಅಕ್ಕಪಕ್ಕ ತೂಗುತ್ತಿವೆ. ಕಲಿಯುವ ಒಂಬತ್ತು ಜನ ಬಣ್ಣದ ಬಟ್ಟೆಯನ್ನು ನೋಡಿ ಕೆಲಸ ಕಲಿಯುತ್ತಾರೆ, ಬಿಳಿಯದಕ್ಕೆ ಕೈ ಮುಗಿದು ಕೆಲಸ ಶುರುಮಾಡುತ್ತಾರೆ. ನಮ್ಮ ನಮೂನೆಯಲ್ಲಿ ಒಂಬತ್ತನೆಯ ಚೌಕವೊಂದು ಬಂದಿದೆ. ಅದನ್ನು ಗೆರೆ ಹಾಕಿ ಬರೆದವನು ನಾನೇ. ಸ್ವಲ್ಪ ಸೊಟ್ಟಗಿದೆ.

ಈ ಪತ್ರ ಬರೆದದ್ದು ಒಂದು ಬೇಡಿಕೆಗಾಗಿ. ನಿಮ್ಮ ಕಾಲದ ತಾರೆಯರ ಚಿತ್ರಗಳು ನಮ್ಮ ಉಗ್ರಾಣದಲ್ಲಿ ಕೋಟಿಗಟ್ಟಲೆ ಇವೆ. ಅವರು ತಿಂದದ್ದು, ಆಕಳಿಸಿದ್ದು, ವಿಮಾನ ಹತ್ತಿದ್ದು ಎಲ್ಲ ಇದೆ. ನಿಮ್ಮನ್ನು ಹುಡುಕಿದರೆ ಮಾತ್ರ ಚಿತ್ರದ ಅಂಚಿನಲ್ಲಿ ಒಂದು ಮೊಣಕೈ, ಎರಡು ಬಳೆ, ಪೌಡರಿನ ಸ್ಪಂಜು ಹಿಡಿದ ಬೆರಳು, ಬಾಯಲ್ಲಿ ಕಚ್ಚಿಕೊಂಡ ಹೇರ್‌ಪಿನ್ನು ಸಿಗುತ್ತವೆ, ಅಷ್ಟೆ. ಸಿನಿಮಾ ಮುಗಿದ ಮೇಲೆ ನಿಮ್ಮ ಹೆಸರು ಮೇಲೇರುವಾಗ ಜನ ಚಪ್ಪಲಿ ಹುಡುಕುತ್ತಿರುತ್ತಾರೆಂದು ಕೇಳಿದ್ದೇನೆ. ಅವರನ್ನು ತಿದ್ದುವುದು ನಿಮ್ಮ ಕೈಯಲ್ಲಿಲ್ಲ, ನಮ್ಮ ಕೈಯಲ್ಲೂ ಆಗಿಲ್ಲ. ಆದರೆ ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋದಾಗ ಒಂದು ಉಪಕಾರ ಮಾಡಿ. ಬಲ್ಬುಗಳ ಕನ್ನಡಿಯ ಮುಂದೆ ತಾರೆಯನ್ನು ಒಂದು ನಿಮಿಷ ಏಳಿಸಿ ಆ ಕುರ್ಚಿಯಲ್ಲಿ ನೀವು ಕುಳಿತು, ಬಾಯಲ್ಲಿನ ಪಿನ್ನು ತೆಗೆದಿಟ್ಟು, ಒಂದು ಫೋಟೋ ತೆಗೆಸಿಕೊಳ್ಳಿ. ಹೆಸರು ಬರೆಯಿರಿ. ಬಣ್ಣ ಹಚ್ಚಿಕೊಳ್ಳಬೇಡಿ. ಎಲ್ಲಾದರೂ ನಮಗೆ ಸಿಗುವ ಹಾಗೆ ಇಟ್ಟುಹೋಗಿ.

ನೀವು ಇಲ್ಲಿಯವರೆಗೆ ಬರಲಾರಿರಿ ಎಂದು ನಮಗೂ ಗೊತ್ತು. ಆದರೂ ನಮ್ಮ ಬಾಗಿಲಿಗೆ ನಿಮ್ಮ ಪರಿಚಯ ಮಾಡಿಸಿ ಇಟ್ಟಿರೋಣ ಎಂದು ಆಸೆ.

ಇತಿ ನಿಮ್ಮ,
ತಲೆಯ ಮೇಲೆ ನಿಮಗೆ ಯಾವ ಕೆಲಸವನ್ನೂ ಉಳಿಸದ
ಐದನೆಯ ತೀರ್ಪುಗಾರ