ಒಂದನೇ ತಾರೀಖಿನ ಮೊಸರು

ಹಿಂದೂಪುರ
ಸೋಮವಾರ, ೧೫-೯-೨೦೨೫

ಸೌಭಾಗ್ಯವತಿ ಗುರುಶಾಂತಮ್ಮನಿಗೆ ನಿನ್ನ ಯಜಮಾನ ಹಿಂದೂಪುರದಿಂದ ಬರೆಯುವುದು.

ಶಾಂತಾ, ಮಂಡಿ ನೋವು ಹೇಗಿದೆ? ಮೊದಲು ಅದನ್ನು ಹೇಳು, ಉಳಿದದ್ದು ಆಮೇಲೆ. ಬಟ್ಟೆ ಒಣಹಾಕುವ ನೆಪದಲ್ಲಿ ಆ ಮಹಡಿ ಮೆಟ್ಟಿಲು ಹತ್ತಿ ಇಳಿಯಬೇಡ. ಶಿವಲೀಲಾ ಹತ್ತಲಿ, ನಮ್ಮ ಮಗಳ ಕಾಲು ಇನ್ನೂ ಗಟ್ಟಿಯಾಗಿವೆ. ಸಕ್ಕರೆ ಕಾಯಿಲೆ ಮಾತ್ರೆ ಊಟಕ್ಕೆ ಮುಂಚೆ ನುಂಗುತ್ತಿದ್ದೀಯೋ, ಇಲ್ಲ ನೆನಪಾದಾಗ ನುಂಗುತ್ತಿದ್ದೀಯೋ? ನಾನು ಚೆನ್ನಾಗಿದ್ದೇನೆ. ಎಡಗಣ್ಣಿಗೆ ಪೊರೆ ಬಂದಿದೆ ಎಂದು ಕಣ್ಣಿನ ಕ್ಯಾಂಪಿನವರು ಹೇಳಿದರು. ಹೊಲಿಗೆಗೇನೂ ತೊಂದರೆಯಿಲ್ಲ, ಸೂಜಿಗೆ ದಾರ ಪೋಣಿಸುವುದೊಂದೇ ಕಷ್ಟ. ಅದಕ್ಕೆ ಪಕ್ಕದ ಮನೆ ಓಬಮ್ಮನ ಹತ್ತಿರ ಹೋಗುತ್ತೇನೆ. ಪೋಣಿಸಿ ಕೊಡುವಾಗೆಲ್ಲ "ಯಾವಾಗ್ ಬತ್ತಾಳಣ್ಣೋ ಶಾಂತಕ್ಕ?" ಅನ್ನುತ್ತಾಳೆ. ಅವಳಿಗೆ ಹೇಳಲು ನನ್ನ ಹತ್ತಿರ ಇದ್ದಬದ್ದ ಸುಳ್ಳೆಲ್ಲ ಮುಗಿದಿದೆ.

ಫೋನು ಬಿಟ್ಟು ಇದೇನು ಕಾಗದ ಎಂದು ಗಾಬರಿಯಾಗಬೇಡ. ಫೋನಿರುವುದು ಅಳಿಯನ ಕೈಯಲ್ಲಿ. ತಿಪ್ಪೇಶ್ ಅದನ್ನು ಸ್ಪೀಕರಿಗೆ ಹಾಕಿ ನಡುಮನೆಯಲ್ಲಿ ಇಟ್ಟರೆ ನಾನು ಊಟ ಆಯಿತಾ ಅನ್ನುವುದನ್ನು ಬಿಟ್ಟು ಇನ್ನೇನು ಕೇಳಲಿ? ಆ ಮನೆಯಲ್ಲಿ ಕನ್ನಡ ಓದಲು ಬರುವುದು ನಿನಗೊಬ್ಬಳಿಗೇ. ಮಗಳನ್ನು ತೆಲುಗು ಮೀಡಿಯಮ್ಮಿಗೆ ಹಾಕಿದ್ದಕ್ಕೆ ಆಗ ನನ್ನ ಜೊತೆ ವಾರಗಟ್ಟಲೆ ಮಾತು ಬಿಟ್ಟಿದ್ದೆಯಲ್ಲ, ಈಗ ನೋಡು ಎಷ್ಟು ಅನುಕೂಲವಾಯಿತು! ಮುದುಕ ಮುದುಕಿಗೆ ಏನು ಬರೆದರೂ ಕೇಳುವವರಿಲ್ಲ. ಕನ್ನಡಕ ಹಾಕಿಕೊಂಡು ದೇವರ ಮನೆಯಲ್ಲಿ ಕೂತು ಓದು. ಯಾರಾದರೂ ಕೇಳಿದರೆ ಊರಿನ ಸುದ್ದಿ ಅನ್ನು.

"ನಾಕ್ ತಿಂಗ್ಳು ಕಣ್ರೀ, ಮಗು ಕತ್ತು ನಿಲ್ಸ್ಲಿ, ಬಂದ್ಬುಡ್ತೀನಿ" ಎಂದು ಬಾಣಂತನಕ್ಕೆ ಹೋದವಳು ನೀನು. ಮಗು ಕತ್ತು ನಿಲ್ಲಿಸಿತು, ಕೂತಿತು, ನಡೆಯಿತು, ಈಗ ಬೀದಿಯಲ್ಲಿ ಓಡುತ್ತದಂತೆ. ನಾನು ಇನ್ನೂ ಹಾಸಿಗೆ ಬಿಚ್ಚುವಾಗ ಎರಡು ದಿಂಬು ತೆಗೆಯುತ್ತೇನೆ, ಆಮೇಲೆ ಒಂದನ್ನು ವಾಪಸ್ಸು ಇಡುತ್ತೇನೆ. ಹಬ್ಬಕ್ಕೊಂದರಂತೆ ನಿನಗೆ ಹೊಲಿದ ರವಿಕೆಗಳು ಗೂಟಕ್ಕೆ ನೇತಾಡುತ್ತಿವೆ. ನಿನ್ನ ಅಳತೆ ನನಗೆ ಬಾಯಿಪಾಠ, ಆದರೆ ಅದು ಎರಡು ವರ್ಷದ ಹಿಂದಿನ ಅಳತೆ. ಯುಗಾದಿಗೆ ನೋಡಿದ್ದಷ್ಟೇ, ಆಮೇಲೆ ನೀನು ಇಳಿದುಹೋಗಿದ್ದೀಯೋ ದಪ್ಪಗಾಗಿದ್ದೀಯೋ ಫೋನಿನಲ್ಲಿ ಹೇಗೆ ತಿಳಿಯಬೇಕು? ಒಳಗೆ ಬಟ್ಟೆ ಜಾಸ್ತಿ ಬಿಟ್ಟೇ ಹೊಲಿದಿದ್ದೇನೆ, ಹೇಗಿದ್ದರೂ ಸರಿಮಾಡಬಹುದು. ನನ್ನ ಮುದ್ದೆ ಇವತ್ತಿಗೂ ಗಂಟುಗಂಟು. ತಿನ್ನುವಾಗ ಎದುರಿಗೆ ಕೂತು ನಗುವವರಿಲ್ಲದೆ ಅದು ಇನ್ನೂ ಕೆಟ್ಟದಾಗಿದೆ.

ನಿನ್ನನ್ನು ಕಲ್ಯಾಣದುರ್ಗದಲ್ಲಿ ಹಿಡಿದಿಟ್ಟಿರುವುದು ಮಗುವಲ್ಲ, ಪಿಂಚಣಿ ಎಂದು ನಮ್ಮಿಬ್ಬರಿಗೂ ಗೊತ್ತು. ನನಗೆ ವೃದ್ಧಾಪ್ಯದ್ದು ಬರುತ್ತಿದೆ, ಒಂದು ಮನೆಗೆ ಒಂದೇ ಅನ್ನುತ್ತಾರೆ. ಅತ್ತೆಯ ಹೆಸರು ನಮ್ಮ ಕಲ್ಯಾಣದುರ್ಗದ ರೇಷನ್ ಕಾರ್ಡಿಗೆ ಸೇರಿದರೆ ಅವರಿಗೂ ಒಂದು ಮಾಡಿಸಬಹುದು ಎಂದು ತಿಪ್ಪೇಶ್ ಯಾರನ್ನೋ ಹಿಡಿದು ತೆಲುಗಿನಲ್ಲಿ ಅರ್ಜಿ ಬರೆಸಿದ. ನೀನು ಅಲ್ಲಿ ಅವರ ಮಿಷನ್ನಿಗೆ ಹೆಬ್ಬೆಟ್ಟು ಒತ್ತಿದೆ, ನಾನು ಇಲ್ಲಿಂದ ಹೂಂ ಅಂದೆ. ಒಂದನೇ ತಾರೀಖು ಬೆಳಿಗ್ಗೆ ವಾರ್ಡಿಗೊಂದಿರುವ ಸಚಿವಾಲಯದ ಆಫೀಸಿನವರು ಬಾಗಿಲಿಗೇ ಬಂದು ದುಡ್ಡು ಕೊಡುವುದರಿಂದ ನೀನು ಅಲ್ಲಿರಲೇಬೇಕಾಯಿತು. ಸರಿ, ಉಳಿದ ದಿನ ಬಂದು ಹೋಗಲಿ ಅಂದರೆ "ಯಾರಾನ ನೋಡಿದ್ರೆ ಪೇರು ತೀಸೇಸ್ತಾರು ಮಾವಾ, ಹೆಸ್ರೇ ಕಿತ್ತಾಕ್ಬುಡ್ತಾರೆ" ಅನ್ನುತ್ತಿದ್ದ. ಹೆಂಡತಿ ಗಂಡನ ಮನೆಗೆ ಬಂದರೆ ಹೆಸರು ಯಾಕಪ್ಪ ಕೀಳುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ. ನಿನ್ನ ಖುಷಿ ನೋಡಿ ಸುಮ್ಮನಿದ್ದೆ. ಹುಟ್ಟಿದಾಗಿನಿಂದ ಮೊದಲ ಸಲ ನಿನ್ನ ಹೆಸರಿಗೆ ದುಡ್ಡು ಬರುತ್ತಿತ್ತು. ಮೊಮ್ಮಗನಿಗೆ ಬೆಳ್ಳಿ ಉಡಿದಾರ ಮಾಡಿಸಿದೆ, ನನಗೊಂದು ಟವೆಲ್ಲು ಕಳಿಸಿದೆ. "ನನ್ ದುಡ್ಡು ಕಣ್ರೀ" ಎಂದು ಅವತ್ತು ಫೋನಿನಲ್ಲಿ ಹೇಳಿದ ಗತ್ತು ಇನ್ನೂ ಕಿವಿಯಲ್ಲಿದೆ. ಆ ಟವೆಲ್ಲನ್ನು ನಾನು ಮುಖ ಒರೆಸಲು ಬಳಸುವುದಿಲ್ಲ, ಹೆಗಲ ಮೇಲೆ ಹಾಕಿಕೊಂಡು ಪೇಟೆಗೆ ಹೋಗುತ್ತೇನೆ.

ಅದು ಎರಡು ತಿಂಗಳಿಂದ ನಿಂತುಹೋಗಿದೆ ಎಂದು ಮೊನ್ನೆ ಅಳುಗಂಟಲಿನಲ್ಲಿ ಹೇಳಿದೆ. ತಿಪ್ಪೇಶನನ್ನು ಕೇಳಿದರೆ "ನೋಡ್ತೀನಿ ಮಾವಾ", ಶಿವಲೀಲಾಳನ್ನು ಕೇಳಿದರೆ "ಅವ್ರು ನೋಡ್ಕಂತಾರೆ ಬಿಡಪ್ಪ". ಇದು ಹೀಗೆ ಆಗುವ ಕೆಲಸವಲ್ಲ ಎಂದು ಇವತ್ತು ನಾನೇ ನಮ್ಮ ವಾರ್ಡು ಸಚಿವಾಲಯಕ್ಕೆ ಹೋದೆ. ಅಲ್ಲಿ ಲಕ್ಷ್ಮೀದೇವಿ ಎಂದು ಒಬ್ಬಳು ಹುಡುಗಿ ಇದ್ದಾಳೆ, ಸೋಮಂದೇಪಲ್ಲಿಯವಳು. ಅವಳ ಮದುವೆ ರವಿಕೆ ಹೊಲಿದವನು ನಾನೇ, ಹಾಗಾಗಿ ಕುರ್ಚಿ ಹಾಕಿ ಕೂರಿಸಿದಳು. ನಿನ್ನ ಆಧಾರ್ ನಂಬರು ಕೇಳಿದಳು. ಅದು ತಿಪ್ಪೇಶನ ಬೀರುವಿನಲ್ಲಿದೆ. ಹೋಗಲಿ, ಅವರ ಫೋನಿಗೆ ಓಟಿಪಿ ಕಳಿಸುತ್ತೇನೆ ಅಂದಳು. ಆಧಾರಿಗೆ ಕೊಟ್ಟಿದ್ದು ನಾವು ಪೆನುಕೊಂಡದ ಬಸ್ಸಿನಲ್ಲಿ ಕಳೆದುಕೊಂಡ ಆ ಬಟನ್ ಫೋನಿನ ನಂಬರು. ಫೋಟೋನಾದರೂ ಇದೆಯಾ ತಾತಾ ಎಂದಳು. ಗೋಡೆಯಲ್ಲಿದ್ದ ಮದುವೆ ಫೋಟೋವನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿದ್ದೆ, ಹೆಮ್ಮೆಯಿಂದ ತೆಗೆದು ಕೊಟ್ಟೆ. ಅದರಲ್ಲಿ ನೀನು ತಲೆ ತಗ್ಗಿಸಿ ಕೂತಿದ್ದೀಯ, ಬೈತಲೆ ಒಂದೇ ಕಾಣುತ್ತದೆ. ಫೋಟೋದವನು ತಲೆಯೆತ್ತು ತಾಯೀ ಎಂದು ಎಷ್ಟು ಬಡಕೊಂಡ, ಎತ್ತಿದೆಯಾ? ಆಫೀಸಿನವರೆಲ್ಲ ನಕ್ಕರು, ನಾನೂ ನಕ್ಕೆ. ಕೊನೆಗೆ ನನ್ನ ರೇಷನ್ ಕಾರ್ಡು ತೆಗೆದು ನೋಡಿದಳು. ಅದರಲ್ಲಿ ನಾನೊಬ್ಬನೇ ಇದ್ದೆ, ಶಾಂತಾ. ನಿನ್ನ ಹೆಸರು ಅಲ್ಲಿ ಸೇರಬೇಕಾದರೆ ಇಲ್ಲಿ ಹೋಗಲೇಬೇಕು, ಅದು ಯಾವ ದೊಡ್ಡ ವಿಷಯ, ಆದರೂ ಕಣ್ಣಲ್ಲಿ ನೋಡಿದಾಗ ನನ್ನ ನಗು ನಿಂತುಹೋಯಿತು.

ಒಳ್ಳೆಯ ಹುಡುಗಿ, ಅಷ್ಟಕ್ಕೇ ಕೈಬಿಡಲಿಲ್ಲ. ಕಲ್ಯಾಣದುರ್ಗದಲ್ಲಿ ನಿಮ್ಮ ವಾರ್ಡು ನೋಡಿಕೊಳ್ಳುವವನಿಗೆ ಫೋನು ಹಚ್ಚಿ, ಗುರುಶಾಂತಮ್ಮ ಎಂಬ ಅಜ್ಜಿಯ ಪಿಂಚಣಿ ಯಾಕೆ ನಿಂತಿದೆ ಎಂದು ಕೇಳಿದಳು. ಅವನ ದನಿ ನನಗೂ ಕೇಳುತ್ತಿತ್ತು. "ಆ ಆಮೆನಾ? ಒಂಟರಿ ಮಹಿಳ ಕದಾ. ಭರ್ತ ವದಿಲೇಸಿ ವೆಳ್ಳಿಪೋಯಾಡು" ಅಂದ. ಒಂಟಿ ಹೆಂಗಸು, ಗಂಡ ಬಿಟ್ಟುಹೋದವಳು. ಆ ಅರ್ಜಿಯಲ್ಲಿ ಹಾಗೆಂದು ಬರೆದಿದ್ದಾರೆ, ನೀನು ಹೆಬ್ಬೆಟ್ಟು ಒತ್ತಿದ್ದು ಅದಕ್ಕೆ. ನಿನ್ನನ್ನು ಬಿಟ್ಟುಹೋದವನು ನಿನ್ನ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು, ಮದುವೆ ಫೋಟೋ ತೊಡೆಯ ಮೇಲೆ ಇಟ್ಟುಕೊಂಡು, ಅಲ್ಲೇ ಆ ಕುರ್ಚಿಯಲ್ಲಿ ಕೂತಿದ್ದ.

ಆಗ ನನಗೆ ಮೊಸರು ನೆನಪಾಯಿತು. ಹೋದ ಯುಗಾದಿಗೆ ಬಂದಿದ್ದೆನಲ್ಲ, ಹಬ್ಬ ಮುಗಿಯುತ್ತಲೇ ಒಂದನೇ ತಾರೀಖು ಬಂತು. ನನ್ನ ದುಡ್ಡು ಮಾರನೇ ದಿನ ತೆಗೆದುಕೊಂಡರಾಯಿತು ಎಂದು ಉಳಿದುಕೊಂಡಿದ್ದೆ. ಬೆಳಕು ಹರಿಯುವ ಮುಂಚೆಯೇ ತಿಪ್ಪೇಶ್ ಸ್ಟೀಲ್ ಕ್ಯಾನು ಕೈಗಿಟ್ಟು "ಕಂಬದೂರು ರೋಡ್ನಾಗೆ ಎಮ್ಮೆ ಮೊಸ್ರು ಸಿಗ್ತದೆ ಮಾವಾ, ನೀವಾದ್ರೆ ನೋಡಿ ತತ್ತೀರ" ಅಂದ. ಅಳಿಯ ನನ್ನ ರುಚಿಗೆ ಮರ್ಯಾದೆ ಕೊಟ್ಟ ಎಂದು ಉಬ್ಬಿಹೋದೆ. ಮನೆಮನೆ ತಿರುಗಿ, ಬೆರಳು ಅದ್ದಿ ನೋಡಿ, ಕತ್ತರಿಸಿದರೆ ಹೋಳು ಬೀಳುವಂಥ ಮೊಸರು ತಂದೆ. ವಾಪಸ್ಸು ಬರುವ ಹೊತ್ತಿಗೆ ದುಡ್ಡು ಕೊಡುವವರು ಬಂದು ಹೋಗಿದ್ದರು. ಫ್ರಿಜ್ಜಿನಲ್ಲಿ ನೋಡಿದರೆ ಪಾತ್ರೆ ತುಂಬ ಮೊಸರು! ಇಷ್ಟಿಟ್ಟುಕೊಂಡು ನನ್ನನ್ನು ಓಡಿಸಿದ್ದೀರಲ್ಲ ಎಂದು ನಕ್ಕೆ. ಶಿವಲೀಲಾ ನಕ್ಕಳು. ನೀನು ನಗಲಿಲ್ಲ, ಒಳಗೆ ಹೋದೆ.

ನಿನಗೆ ಗೊತ್ತಿತ್ತೇ ಎಂದು ನಾನು ಕೇಳುವುದಿಲ್ಲ. ಗೊತ್ತಿದ್ದರೆ ಅಷ್ಟೂ ತಿಂಗಳು ಒಂದನೇ ತಾರೀಖಿಗೆ ಆ ಹೊಸಿಲಲ್ಲಿ ತಲೆ ತಗ್ಗಿಸಿ ಹೇಗೆ ನಿಂತಿದ್ದೆಯೋ. ಗೊತ್ತಿಲ್ಲದಿದ್ದರೆ ಈಗ ಈ ಕಾಗದದಿಂದ ಗೊತ್ತಾಗುತ್ತಿದೆ, ಅದನ್ನು ನಾನೇ ಬರೆಯಬೇಕಾಯಿತಲ್ಲ. ತಿಪ್ಪೇಶನ ಮೇಲೆ ಸಿಟ್ಟು ಬಂದಿದೆ, ಸುಳ್ಳು ಹೇಳುವುದಿಲ್ಲ. ಆದರೆ ಅವನೂ ಅತ್ತೆಯ ಕೈಯಲ್ಲಿ ನಾಲ್ಕು ಕಾಸು ಓಡಾಡಲಿ ಎಂದೇ ಮಾಡಿದ್ದು. ಅವನ ಎದುರಿಗೆ ಈ ಮಾತು ಎತ್ತಬೇಡ, ಮಗಳ ಮನೆ.

ಲಕ್ಷ್ಮೀದೇವಿ ಫೋನು ಇಟ್ಟು, ದನಿ ತಗ್ಗಿಸಿ, "ಮೀರು ಆಮೆಕು ಏಮವುತಾರು ತಾತಾ?" ಅಂದಳು. ನೀವು ಅವರಿಗೆ ಏನಾಗಬೇಕು ಎಂದು! ಫೋಟೋದ ಗಾಜು ಒರೆಸುತ್ತಾ ಕೂತೆ. ಅವಳೇ ಬಿಡಿಸಿ ಹೇಳಿದಳು. ಒಂಟಿ ಹೆಂಗಸರ ಪಟ್ಟಿಯನ್ನು ಮತ್ತೆ ಪರಿಶೀಲಿಸುತ್ತಿದ್ದಾರೆ, ಗಂಡ ನಿಜವಾಗಿ ದೂರವಾಗಿದ್ದಾನೋ ಇಲ್ಲವೋ ತಿಳಿಯುವವರೆಗೆ ತಡೆಹಿಡಿದಿದ್ದಾರೆ. ಹೌದು, ಬಿಟ್ಟುಹೋಗಿದ್ದೇನೆ ಎಂದು ಗಂಡನೇ ಹೇಳಿ ಹೆಬ್ಬೆಟ್ಟು ಒತ್ತಿದರೆ ನಿನ್ನ ದುಡ್ಡು ಮತ್ತೆ ಬರುತ್ತದೆ. ನಾವಿಬ್ಬರೂ ಗಂಡ ಹೆಂಡತಿಯಾಗಿಯೇ ಇದ್ದೇವೆ ಎಂದರೆ ನಿನ್ನದು ರದ್ದಾಗುತ್ತದೆ, ನನ್ನದೊಂದೇ ಉಳಿಯುತ್ತದೆ. "ನಿಜಂ ಏದೋ ರೇಪು ವಚ್ಚಿ ಚೆಪ್ಪಂಡಿ" ಅಂದಳು, ನಿಜ ಯಾವುದೋ ನಾಳೆ ಬಂದು ಹೇಳಿ ಎಂದು. ಸುಳ್ಳು ಹೇಳಿ ಎಂದೂ ಹೇಳಲಿಲ್ಲ, ಬೇಡ ಎಂದು ಬುದ್ಧಿಯನ್ನೂ ಹೇಳಲಿಲ್ಲ. ಫೋಟೋ ಚೀಲಕ್ಕೆ ಹಾಕಿಕೊಂಡು ಬಂದೆ.

ಮಧ್ಯಾಹ್ನದಿಂದ ಹೊಲಿಗೆ ಮಿಷನ್ನಿನ ಮುಂದೆ ಸುಮ್ಮನೆ ಕೂತಿದ್ದೇನೆ. ಅದು ನಿನ್ನ ದುಡ್ಡು, ಅದನ್ನು ಕಿತ್ತುಕೊಳ್ಳಲು ನಾನು ಯಾರು? ನನ್ನ ರವಿಕೆ ದುಡ್ಡಿನಲ್ಲಿ ನಿನಗೆ ಯಾವತ್ತು ಆ ಗತ್ತು ಬಂದಿತ್ತು? ನಾಳೆ ಹೋಗಿ, ಬಿಟ್ಟುಹೋದೆ ಎಂದೇ ಹೇಳುತ್ತೇನೆ. ಎಲ್ಲೋ ಒಂದು ಕಡೆ ಬರೆದುಕೊಂಡರೆ ನನ್ನ ಮೈಯೇನೂ ಸವೆಯುವುದಿಲ್ಲ. ನೀನು ಮಾತ್ರ ಅದನ್ನು ನಂಬಬೇಡ.

ಮಗಳು ಅಳಿಯ ಚೆನ್ನಾಗಿರಲಿ. ಮೊಮ್ಮಗನ ಎರಡೂ ಕೆನ್ನೆಗೆ ನನ್ನ ಮುತ್ತು ಕೊಡು. ನೀನು ಮಲಗುವ ಮುಂಚೆ ಮಂಡಿಗೆ ಎಣ್ಣೆ ಹಚ್ಚಿಕೋ, ಯಾರೂ ಹಚ್ಚಿಕೊಡುವುದಿಲ್ಲ ಎಂದು ಹಾಗೇ ಮಲಗಬೇಡ.

ಎಲ್ಲಿದ್ದರೂ ನಿನ್ನವನೇ,
ಶಿವಯೋಗಪ್ಪ

ವಿ.ಸೂ.: ಮಂಗಳವಾರ. ಪೋಸ್ಟಾಫೀಸಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ, ಟಪಾಲು ತೆಗೆಯುವ ಹೊತ್ತಾಯಿತು, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಬಿಟ್ಟುಹೋದೆ ಎಂದು ಹೇಳಲೆಂದೇ ಹೋದೆ, ದಾರಿಯುದ್ದಕ್ಕೂ ಅದೇ ಮಾತು ಹೇಳಿಕೊಂಡು ಹೋದೆ. ಲಕ್ಷ್ಮೀದೇವಿ ಅದೇ ಪ್ರಶ್ನೆ ಕೇಳಿದಳು. "ಆಮೆ ನಾ ಭಾರ್ಯಮ್ಮಾ" ಅಂದುಬಿಟ್ಟೆ, ನನ್ನ ಹೆಂಡತಿ ಕಣಮ್ಮ ಎಂದು. ಜೋರಾಗಿಯೇ ಅಂದೆನೇನೋ, ಆಚೆ ಸಾಲಿನವರೆಲ್ಲ ತಿರುಗಿ ನೋಡಿದರು. ಯಾವಾಗಲೂ ಸತಾಯಿಸುವ ಅವರ ಹೆಬ್ಬೆಟ್ಟಿನ ಮಿಷನ್ನು ನನ್ನ ಹೆಬ್ಬೆಟ್ಟನ್ನು ಒಂದೇ ಸಲಕ್ಕೆ ತೆಗೆದುಕೊಂಡಿತು. ನಿನ್ನ ದುಡ್ಡು ಹೋಯಿತು, ಶಾಂತಾ. ನಿನ್ನನ್ನು ಒಂದು ಮಾತೂ ಕೇಳದೆ ನಾನೇ ಕಳೆದೆ. ಹಿಂದೆ ಕೊಟ್ಟದ್ದನ್ನು ವಾಪಸ್ಸು ಕೇಳಿದರೆ ಇನ್ನಷ್ಟು ರವಿಕೆ ಹೊಲಿಯುತ್ತೇನೆ, ದಾರ ಪೋಣಿಸಿಕೊಡಲು ನೀನಿರು. ಸಿಟ್ಟು ಬಂದೇ ಬರುತ್ತದೆ. ಫೋನಿನಲ್ಲಿ ಬೈಯಬೇಡ, ಬಂದು ಬೈ. ಪೆನುಕೊಂಡದಲ್ಲಿ ಬಸ್ಸು ಬದಲಾಯಿಸು, ಮಂಡಿಗೆ ಎತ್ತರದ ಮೆಟ್ಟಿಲು ಆಗದು, ಕಂಡಕ್ಟರನ ಕೈ ಹಿಡಿದು ಹತ್ತು. ಒಂದನೇ ತಾರೀಖಿಗೆ ಮುಂಚೆ ಬಾ. ಅವರು ನನ್ನ ದುಡ್ಡು ಕೊಡಲು ಬಾಗಿಲಿಗೆ ಬಂದಾಗ ನೀನು ನನ್ನ ಪಕ್ಕದಲ್ಲಿ ಹೊಸಿಲ ಮೇಲೆ ತಲೆಯೆತ್ತಿ ನಿಂತಿರಬೇಕು. ಅವತ್ತು ನಮ್ಮ ಮನೆಯಿಂದ ಯಾರೂ ಮೊಸರಿಗೆ ಹೋಗುವುದಿಲ್ಲ.