ಹತ್ತನೆಯ ಸಹಿ

ಡಿಸೆಂಬರ್ 3
ಆರಕ್ಕೆ ಎದ್ದೆ. ಕಾಫಿ. ಕಟಾವಾದ ಮೆಕ್ಕೆಜೋಳದ ಹೊಲ ಮಂಜಿನಲ್ಲಿ ತೇಲುತ್ತಿತ್ತು, ದಡವೇ ಇಲ್ಲದ ಹಾಗೆ. ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು — ನ್ಯಾಯಾಧೀಶರ ಆಯ್ಕೆ ಆಯೋಗಕ್ಕೆ ವಕೀಲರ ಚುನಾವಣೆ. ನಮ್ಮ ಭಾಗಕ್ಕೆ ಒಂದು ಸ್ಥಾನ. ನಿಂತವನು ಒಬ್ಬನೇ, ವೆಂಡೆಲ್ ಸ್ಟ್ರೋಬೆಲ್. ಮತ್ತೆ! ಗವರ್ನರ್‌ಗೆ ಆಯೋಗ ಮೂರು ಹೆಸರು ಕಳಿಸುತ್ತದೆ, ಅದರಲ್ಲೊಬ್ಬರು ಜಡ್ಜ್. ಹನ್ನೆರಡು ವರ್ಷದಿಂದ ಮೂರರಲ್ಲಿ ಎರಡು ವೆಂಡೆಲ್‌ನ ಆಫೀಸಿನವರದೇ. ಒಂದೊಂದು ಹೆಸರೂ ನೆನಪಿದೆ.

ಎದುರು ನಿಲ್ಲಲು ಬೇಕಾದ್ದು ಹತ್ತು ವಕೀಲರ ಸಹಿ. ಹತ್ತೇ. ಮಾರೆನ್‌ಗೆ ಫೋನ್ ಮಾಡಿದೆ, ನನ್ನ ಹಳೆಯ ಜೂನಿಯರ್. ನೀನು ನಿಲ್ಲು ಎಂದೆ.

"ನೀವೇನೋ ಆಫೀಸು ಮುಚ್ಚಿ ಕೂತಿದ್ದೀರಿ, ವರ್ಲಿನ್. ನಾಳೆ ಅವನ ಗೆಳೆಯರ ಮುಂದೆ ವಾದ ಮಾಡ್ಬೇಕಾದೋಳು ನಾನು."

"ಯಾರಾದ್ರೂ ನಿಲ್ಲಬೇಕಲ್ಲ."

ಅತ್ತ ಕುರ್ಚಿ ಎಳೆದ ಸದ್ದು. ಆಮೇಲೆ, "ಫಾರಂ ತನ್ನಿ."

ಡಿಸೆಂಬರ್ 9
ಎಂಟು ಸಹಿ ಆಯಿತು. ಮೊದಲ ಸಹಿ ನನ್ನದೇ, ದೊಡ್ಡದಾಗಿ. ದಿನವಿಡೀ ಬಿಳಿ ರಸ್ತೆ... ಊರುಗಳು ನಿದ್ದೆಯಲ್ಲಿ ಬಂದು ಹೋದಂತೆ.

ಕೊನೆಗೆ ಬರ್ನೀಸ್ ಕ್ರೋಗ್ ಮನೆ. ಎಪ್ಪತ್ತೆರಡಾದರೂ ಕೇಸು ನಡೆಸುತ್ತಾಳೆ. ಸೇಬಿನ ಪೈ ಕೊಟ್ಟಳು. ಫಾರಂ ಮುಟ್ಟಲಿಲ್ಲ.

"ತೊಂಬತ್ತನಾಲ್ಕರಲ್ಲಿ ಮೂರು ಹೆಸರಲ್ಲಿ ನಂದಿರಲಿಲ್ಲ. ಆಗ ಆಯೋಗದಲ್ಲಿ ನೀನೂ ಇದ್ಯಲ್ಲ. ನನಗೆ ಕೈ ಎತ್ತಿದ್ಯಾ?"

"ಒಳಗಿನ ಮಾತು ಹೊರಗೆ ಹೇಳೋ ಹಾಗಿಲ್ಲ, ಬರ್ನೀಸ್."

"ಹಾಗಾದ್ರೆ ಪೈ ತಿಂದು ಹೊರಡು."

ಈ ಡೈರಿಯಲ್ಲೂ ಅದನ್ನು ಎಂದೂ ಬರೆದಿಲ್ಲ.

ಡಿಸೆಂಬರ್ 15
ಹತ್ತಾಯಿತು! ಮಾರೆನ್ ನಕ್ಕಳು. ಸ್ಕ್ಯಾನ್ ಮಾಡಿ ರಾಜಧಾನಿಗೆ ಕಳಿಸಿದೆವು.

ಡಿಸೆಂಬರ್ 16, ಮಧ್ಯಾಹ್ನ 2.20
ರಾಜಧಾನಿಯಿಂದ ಫೋನ್. ಗುಮಾಸ್ತೆಯದು ಮೃದು ದನಿ.

"ಒಂಬತ್ತೇ ಲೆಕ್ಕಕ್ಕೆ ಬರೋದು, ಸರ್. ಮೊದಲನೇ ಸಹಿ ನಡೆಯಲ್ಲ. ಈ ವರ್ಲಿನ್ ಆಸ್‌ಗಾರ್ಡ್ ಅನ್ನೋರು..."

"ನಾನೇ."

"ಓ. ಜನವರಿಯಲ್ಲಿ ವಕೀಲರ ನೋಂದಣಿ ಫಾರಂನಲ್ಲಿ ವಕೀಲಿ ನಿಲ್ಲಿಸಿದ್ದೀನಿ ಅಂತ ಟಿಕ್ ಹಾಕಿದ್ದೀರಿ. ಅಂಥವರ ಸಹಿ ತಗೊಳ್ಳಲ್ಲ. ಇವತ್ತು ಐದರವರೆಗೂ ಟೈಮಿದೆ."

ಹೌದು, ಹಾಕಿದ್ದೆ. ವಕೀಲರಿಗೆ ಕಡ್ಡಾಯವಾದ ಕಾನೂನು ತರಗತಿಗೆ ವರ್ಷವರ್ಷ ಹೋಗಿ ಕೂರುವ ಕಾಟ ತಪ್ಪಲಿ ಎಂದು. ಊರಿನವರ ತಪ್ಪನ್ನೆಲ್ಲ ನೆನಪಿಟ್ಟವನು ಇದನ್ನು ಮರೆತಿದ್ದೆ. ಮಾರೆನ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ 4.15
ಹಿಮ. ಸಿಕ್ಕ ವಕೀಲರೆಲ್ಲ ಇಲ್ಲವೆಂದರು. "ವೆಂಡೆಲ್‌ಗೆ ಗೊತ್ತಾದ್ರೆ?" — ಅಷ್ಟೇ. ಈಗ ಬರ್ನೀಸ್ ಮನೆಯೆದುರು ಕಾರಿನಲ್ಲಿದ್ದೇನೆ. ಮಾರೆನ್ ಒಬ್ಬಳೇ ಒಳಗೆ ಹೋದಳು. ಹಳದಿ ಕಿಟಕಿಯಲ್ಲಿ ಇಬ್ಬರ ನೆರಳು, ನೀರಿನಡಿ ಕಂಡಂತೆ. ಹಿಮ ಎಲ್ಲ ಸದ್ದನ್ನೂ ನುಂಗುತ್ತಿದೆ.

ಮಾರೆನ್ ಬಂದು ಗಾಜು ತಟ್ಟಿದಳು. "ಸಹಿ ಹಾಕ್ತಾರಂತೆ. ಆದ್ರೆ ನೀವು ಒಳಗೆ ಬಂದು ಅವರಿಗೊಂದು ಉತ್ತರ ಕೊಡ್ಬೇಕಂತೆ. ಏನು ಉತ್ತರ, ವರ್ಲಿನ್?"

"ಎರಡು ನಿಮಿಷ," ಎಂದೆ.

ಗುಟ್ಟು ಕಾಯುತ್ತೇನೆಂದು ಅಂದು ಮಾತು ಕೊಟ್ಟಿದ್ದೆ. ಇಪ್ಪತ್ತೈದು ವರ್ಷ ಆ ಮಾತಿನ ಮರೆಯಲ್ಲೇ ನಿಂತಿದ್ದೆ. ಹೇಳುವ ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಬರ್ನೀಸ್, ನಾನು ಕೈ ಎತ್ತಲಿಲ್ಲ. ಆ ಮೂವರಿಗಿಂತ ನೀನೇ ಮೇಲೆಂದು ಗೊತ್ತಿತ್ತು. ಆದರೂ ಎತ್ತಲಿಲ್ಲ, ಏಕೆಂದರೆ ಬೇರೆ ಯಾರೂ ಎತ್ತಲಿಲ್ಲ, ಒಬ್ಬನೇ ಎತ್ತಲು ಹೆದರಿದೆ. ಈಗ ಒಳಗೆ ಹೋಗುತ್ತೇನೆ.